ನಗೆ ಪುಟದ ಎದುರು ಪುಟ

ಹಲೋ... ಹಲೋ, ಯಾರು ಮಾತಾಡ್ತಿರೋದು? ಪಾಳ್ಯದ ಚಿನ್ನಪ್ಪನ ಮನೆ ಅಲ್ವಾ?...

ಹಾಂ, ನಯನಾನಾ? ನಾನು ಕಣವ್ವಾ, ಇನ್ನಾಸಪ್ಪ ಮಾವ. ಹೆಗ್ಗದ್ದೆ ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಮಾವ... ಇಲ್ಲ, ಎಸ್ಟೇಟಿಂದಲ್ಲ. ಸಕಲೇಶಪುರಕ್ಕೆ ಬಂದಿದೀನಿ. ನಮ್ಮ ಚರ್ಚಿನ ಸಮಾಧಿ ಜಾಗದ ಎದುರಿಗೆ ನಂಜುಂಡಯ್ಯನ ಬೂತು ಐತಲ್ಲ, ಅಲ್ಲಿಂದ ಮಾಡ್ತಿದೀನಿ. ಅತ್ತೆ ಇದಾಳಾ?...

ಬಚ್ಚಲಲ್ಲಿದಾಳೆ ಅನ್ಬೇಡ ಮಗ. ಹೋದ ವಾರಾನೂ ಬಚ್ಚಲು, ಅದರ ಹಿಂದಿನ ವಾರ ಅಂಗಡಿ. ಒಗ್ಗರಣೆ ಸದ್ದು ಇಲ್ಲಿಗೇ ಕೇಳ್ತಾ ಐತೆ. ಅದು ಅವಳದೇ ಒಗ್ಗರಣೆ. ಸಾಸಿವೆ ಪೂರ್ತಿ ಸಿಡಿಯೋವರೆಗೂ ಕಾಯ್ತಾಳೆ, ನಿಮ್ಮವ್ವನಂಗೆ ಅವಸರ ಮಾಡಲ್ಲ... ನಗ್ಬೇಡ. ಹೋಗಿ ಹೇಳು, ಮಾವ ಇವತ್ತು ನಗೆ ಮಾತು ಆಡಲ್ವಂತೆ ಅಂತ. ಅವಳು ಏನೂ ಮಾತಾಡೋದು ಬೇಡ, ಫೋನು ಕಿವಿಗೆ ಇಟ್ಕೊಂಡ್ರೆ ಸಾಕು. ಲೈನು ಬೇರೆ ಸರಿ ಇಲ್ಲ, ಇದು ಮೂರನೇ ಸಲ ಮಾಡ್ತಿರೋದು. ಬೇಗ ಹೋಗವ್ವಾ...

...

ಲೂರ್ದು?...

ನೀನೇ ಅಲ್ವಾ?... ಗೊತ್ತಾಗುತ್ತೆ ಕಣೇ. ಇಪ್ಪತ್ನಾಕು ವರ್ಷ ಪಕ್ಕದಲ್ಲಿ ಮಲಗಿದ್ದೀನಿ, ಉಸಿರು ಗೊತ್ತಾಗಲ್ವಾ?...

ಹೂಂ. ಮಾತಾಡ್ಬೇಡ. ಇಡ್ಬೇಡ ಅಷ್ಟೇ.

ಈ ತಿಂಗಳ ಚರ್ಚಿನ ಪತ್ರಿಕೆ ಬಂತು. ಎಡಗಡೆ ನಿನ್ನ ಅಡುಗೆ ಪುಟ ಇರ್ಬೇಕಿತ್ತಲ್ಲ, ಆ ಜಾಗದಲ್ಲಿ ಫಾದರ್ ಒಂದು ಜಪ ಹಾಕ್ಸಿದಾರೆ. ಬಲಗಡೆ ನಗೆ ಪುಟ ನಾನೂ ಬರೀಲಿಲ್ಲ. ಅಲ್ಲಿಗೂ ಜಪವೇ. ಪೂಜೆ ಮುಗಿದ್ಮೇಲೆ ಮುನಿಯಮ್ಮ ಬಂದು, ಏನ್ ರೈಟ್ರೇ, ಈ ಸಲ ಎರಡೂ ಪುಟ ಮಂಡಿ ಊರಿ ಓದ್ಬೇಕಾ ಅಂತ ಕೇಳಿದ್ಲು. ಎಲ್ಲರೂ ನಕ್ರು. ನಂಗೆ ನಗು ಬರ್ಲಿಲ್ಲ. ಹನ್ನೊಂದು ವರ್ಷ ಎದುರುಬದರು ಇದ್ವಲ್ಲ ಲೂರ್ದು. ನೀನು ಆ ಕಡೆ ಕೋಳಿ ಸಾರು ಬರೆದ್ರೆ, ಅದೇ ಸಾರಿನ ಮೇಲೆ ಈ ಕಡೆ ನಾನೊಂದು ನಗೆ. ಜನ ನಿನ್ನ ಸಾರು ಮಾಡ್ಕೊಂಡು ಉಣ್ತಿದ್ರು, ನನ್ನ ಮಾತು ಓದಿ ನಗ್ತಿದ್ರು. ನೀನೂ ನಗ್ತಿದ್ದೆ ಅಲ್ವಾ? ಮೊದಮೊದಲಾದ್ರೂ ನಗ್ತಿದ್ದೆ ತಾನೇ?...

ಇದೀಯಾ?... ಹಾಂ, ಇದೀಯ.

ಅಕ್ಟೋಬರಿನ ನಗೆ ವಿಚಾರಕ್ಕೇ ಬರ್ತೀನಿ. ಸುತ್ತಿ ಬಳಸಿ ಏನೂ ಹೇಳಲ್ಲ. ಹೆಂಡತಿ ಮಾಡಿದ ಕೇಕು ನಾಯಿಗೆ ಹಾಕ್ದೆ, ನಾಯಿ ಮೂಸಿ ನೋಡ್ತು, ತಲೆ ಬಗ್ಗಿಸ್ತು, ಹಿತ್ತಲಿಗೆ ಎತ್ಕೊಂಡೋಗಿ ಮಣ್ಣು ಮಾಡಿ ಬಂತು. ಹಂಗಂತ ಬರೆದೆ. ನಮ್ಮನೇಲಿ ನಾಯೀನೇ ಇಲ್ಲ. ಚರ್ಚಿನ ಅಂಗಳದಲ್ಲಿ ಮೈಕ್ ಹಿಡ್ಕೊಂಡು ನಾನೇ ಓದ್ದೆ. ನೀನು ಕಾಫಿ ಹಂಚ್ತಾ ಇದ್ದೆ. ಒಂದು ಲೋಟಾನೂ ತುಳುಕಿಸ್ಲಿಲ್ಲ. ಎಲ್ಲರಿಗೂ ಕೊಟ್ಟು, ಕೊನೇಲಿ ನಂಗೂ ಕೊಟ್ಟೆ. ಮಾರನೇ ದಿನ ತವರಿಗೆ ಅಂತ ಪಾಳ್ಯದ ಬಸ್ಸು ಹತ್ತಿಬುಟ್ಟೆ.

ನಂಗೆ ಸಿಟ್ಟು ಬಂತು ಕಣೇ, ಸುಳ್ಳು ಯಾಕೆ ಹೇಳ್ಲಿ. ಇಷ್ಟು ವರ್ಷ ಇಲ್ಲದ ಕೋಪ ಈಗ್ಯಾಕೆ ಅಂದ್ಕೊಂಡೆ. ನನ್ನ ಅಕ್ಷರ ಪ್ರೆಸ್ಸಿನೋರಿಗೆ ತಿಳಿಯಲ್ಲ ಅಂತ ಪ್ರತಿ ಸಲಾನೂ ನೀನೇ ಚೊಕ್ಕಟವಾಗಿ ಬರೆದು ಕೊಡ್ತಿದ್ದೆ. ಅದನ್ನೂ ನೀನೇ ಬರೆದು ಕೊಟ್ಟಿದ್ದೆ. ಬೇಡ ಅನ್ನೋದಿದ್ರೆ ಅವತ್ತೇ ಅನ್ಬೋದಿತ್ತಲ್ಲ ಅಂತ ಮನೆ ತುಂಬ ಒಬ್ಬನೇ ಕೂಗಾಡ್ದೆ. ಗೋಡೆ ಆಚೆಯಿಂದ ಇಂದ್ರಮ್ಮ ಕೇಳಿಸ್ಕೊಂಡು ಬಂದ್ಲು. ಬಾಗಿಲಲ್ಲೇ ನಿಂತ್ಕೊಂಡು ಹೇಳಿದ್ಲು...

ರೈಟ್ರೇ, ಅದು ನಿಮ್ಮ ಕೂಸು ಹುಟ್ಟಿದ ದಿನದ ಕೇಕಲ್ವಾ ಅಂದ್ಲು.

...

ಅಳ್ಬೇಡ ಲೂರ್ದು...

ಅಳು. ಅತ್ಬುಡು. ನಾನ್ಯಾರು ಬೇಡ ಅನ್ನೋಕೆ.

ಪ್ರತಿ ಸೆಪ್ಟೆಂಬರ್ ಇಪ್ಪತ್ತೊಂದಕ್ಕೂ ಇಂದ್ರಮ್ಮನ ಮನೆಗೆ ಒಂದು ತುಂಡು ಹೋಗ್ತಿತ್ತಂತೆ. ಪಕ್ಕದ ಮನೆಯೋಳಿಗೆ ಗೊತ್ತು. ನಂಗೂ ಒಂದು ತುಂಡು ಕೊಡ್ತಿದ್ದೆ, ಏನು ವಿಶೇಷ ಅಂತ ಕೇಳ್ತಿದ್ದೆ ನಾನು. ಕೋಳಿ ಜಾಸ್ತಿ ಮೊಟ್ಟೆ ಇಟ್ಟಿದ್ವು ಅಂತಿದ್ದೆ ನೀನು. ಇಪ್ಪತ್ತೆರಡು ವರ್ಷ ಕೋಳಿ ಅದೇ ದಿನಕ್ಕೆ ಜಾಸ್ತಿ ಮೊಟ್ಟೆ ಇಡುತ್ತೇನೇ? ಒಂದು ವರ್ಷಾನಾದ್ರೂ ನಂಗೆ ಹೊಳೀಬಾರದಿತ್ತಾ?...

ನಾನು ಮಗು ಮುಖಾನೇ ನೋಡ್ಲಿಲ್ಲ ಲೂರ್ದು. ಆ ಸಲ ಹಳ್ಳ ಉಕ್ಕಿ ಹೆಗ್ಗದ್ದೆ ದಾರಿ ಮುಚ್ಚಿತ್ತು. ನಾನು ಆಸ್ಪತ್ರೆಗೆ ಬರೋ ಹೊತ್ತಿಗೆ ಮಗು ಹೋಗಿ ಆರು ದಿನ ಆಗಿತ್ತು, ನಿಮ್ಮಪ್ಪ ಒಬ್ಬರೇ ಎತ್ಕೊಂಡೋಗಿ ಮಣ್ಣು ಮಾಡಿ ಬಂದಿದ್ರು. ಸಮಾಧಿ ತೋರಿಸ್ತೀನಿ ಬಾ ಅಂದ್ರು. ನಾಳೆ ಬರ್ತೀನಿ ಅಂದೆ. ಹೋಗ್ಲಿಲ್ಲ. ನಂಗೆ ಭಯ ಆಗ್ಬುಟ್ಟಿತ್ತು ಕಣೇ. ನೀನು ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ಹೆಂಗಾದ್ರೂ ಮಾಡಿ ನಿನ್ನ ನಗಿಸ್ಬೇಕು ಅಂತ ಶುರು ಮಾಡಿದ್ದು ನಾನು. ನಾಕು ತಿಂಗಳಾದ್ಮೇಲೆ ಒಂದಿನ ನೀನು ನಕ್ಕೆ. ಆಮೇಲೆ ನಂಗೆ ನಿಲ್ಸೋಕೇ ಬರ್ಲಿಲ್ಲ...

ಏನಂದೆ?... ಇಲ್ಲ? ಸರಿ. ಕೆಮ್ಮಿದ್ಯೇನೋ.

ನಿನ್ನೆ ನಾನೇ ಕೇಕು ಮಾಡ್ದೆ. ಹೌದು ಕಣೇ, ನಾನೇ. ನಿನ್ನ ಹಳೇ ಅಡುಗೆ ಪುಟ ಒಲೆ ಮುಂದೆ ಇಟ್ಕೊಂಡು, ಬಾಣಲೆಗೆ ಮರಳು ಹಾಕಿ, ಮುಚ್ಚಿದ ತಟ್ಟೆ ಮೇಲೆ ಕೆಂಡ ಇಟ್ಟು, ನೀನು ಬರೆದಂಗೇ ಮಾಡ್ದೆ. ಕೇಕಿನ ಟಿನ್ನು ಮನೇಲಿ ಇಲ್ವಲ್ಲ. ಮೂರು ವರ್ಷದ ಹಿಂದೆ ಕಳೆದೋಯ್ತು ಅಂದಿದ್ದೆ ನೀನು. ಟಿನ್ನು ನಾಚ್ಕೊಂಡು ಮನೆ ಬಿಟ್ಟು ಓಡೋಯ್ತು ಅಂತ ನಾನು ಅದಕ್ಕೂ ಒಂದು ನಗೆ ಬರೆದಿದ್ದೆ. ಅದಕ್ಕೇ ಅನ್ನ ಮಾಡೋ ಪಾತ್ರೇಲಿ ಹುಯ್ದೆ. ಬೇಯೋವರೆಗೂ ಚೆನ್ನಾಗಿತ್ತು, ಇಳಿಸ್ತಿದ್ದಂಗೆ ನಡುವೆ ತಗ್ಗಾಗ್ಬುಡ್ತು. ಈ ಮೂರು ವರ್ಷ ನಿಂದು ಯಾಕೆ ತಗ್ಗಾಗ್ತಿತ್ತು ಅಂತ ಆವಾಗ ಗೊತ್ತಾಯ್ತು ನಂಗೆ. ಕೈ ತಪ್ಪಲ್ಲ ಕಣೇ, ಪಾತ್ರೆ ತಪ್ಪು.

ಅದನ್ನೇ ಪೇಪರಲ್ಲಿ ಸುತ್ಕೊಂಡು ಬಂದಿದೀನಿ. ಇವತ್ತು ಸತ್ತೋರ ದಿನ ಅಲ್ವಾ. ಎಲ್ಲರೂ ಅವರವರ ಸಮಾಧಿಗೆ ಮೇಣದ ಬತ್ತಿ ಹಚ್ತಾ ಇದಾರೆ. ನಾನೂ ಒಂದು ಕಟ್ಟು ತಂದೆ, ಹೂವೂ ತಂದೆ...

ಲೂರ್ದು, ಯಾವುದು ಅಂತ ನಂಗೆ ಗೊತ್ತಿಲ್ಲ.

ಯಾರನ್ನ ಕೇಳ್ಲಿ ಹೇಳು? ನಿಮ್ಮಪ್ಪ ಈಗಿಲ್ಲ. ನನ್ನ ಮಗು ಎಲ್ಲೈತೆ ತೋರ್ಸಿ ಅಂತ ಫಾದರ್ನ ಕೇಳೋಕೆ ನಾಲಿಗೆ ಏಳ್ಲಿಲ್ಲ. ಹಿಂದುಗಡೆ ಗೋಡೆ ಪಕ್ಕ ಸಣ್ಣ ಸಮಾಧಿಗಳ ಒಂದು ಸಾಲು ಐತೆ. ಏಳು. ಒಂದಕ್ಕೂ ಹೆಸರಿಲ್ಲ. ಬೆಳಗ್ಗೆ ಆರಕ್ಕೇ ಬಂದು ಏಳನ್ನೂ ಚೊಕ್ಕಟ ಮಾಡ್ದೆ. ಮುಳ್ಳು ಹುಲ್ಲು ಕಿತ್ತು ಕೈಯೆಲ್ಲ ಕುಯ್ಕೊಂಡೈತೆ. ಒಡೆದ ಶೀಸೆ, ತುಕ್ಕು ಹಿಡಿದ ಡಬ್ಬ, ಕಲ್ಲು, ಇದ್ದ ಕಸಾನೆಲ್ಲ ಎತ್ತಿ ಪುರಸಭೆ ಕಸದ ಟ್ರಾಕ್ಟರಿಗೆ ತುಂಬಿಸ್ದೆ. ಈಗ ನೋಡಿದ್ರೆ ಹೊಸ ಸಸಿ ಪಾತಿ ಇದ್ದಂಗೆ ಐತೆ. ನೀನು ಹೇಳಿದ್ರೆ ಸಾಕು, ಹೋಗಿ ಬತ್ತಿ ಹಚ್ಚಿ, ಅದರ ಮುಂದೆ ಕೂತು ಕ್ಷಮೆ ಕೇಳ್ತೀನಿ. ನಿನ್ನ ಆಮೇಲೆ ಕೇಳ್ತೀನಿ. ನೀನು ಮನೆಗೆ ಬರೋದು ಬಿಡೋದು ನಿಂಗೆ ಬಿಟ್ಟಿದ್ದು. ಯಾವುದು ಅಂತ ಅಷ್ಟು ಹೇಳ್ಬುಡು...

...

ಹಾಂ... ಹಾಂ, ಹೇಳು, ಕೇಳ್ತಾ ಐತೆ... ಗೋಡೆ ಪಕ್ಕದ್ದೇ ಸಾಲು, ಸರಿ...

ಮೊದಲು ಮರದ ಶಿಲುಬೆ ಇತ್ತಾ?... ಗೆದ್ದಲು ತಿಂದು ಬಿದ್ದೋಯ್ತಾ? ಯಾವಾಗ?... ಮೂರು ವರ್ಷ ಆಯ್ತಾ...

ಗುರುತಿಗೆ ಏನಿಟ್ಟೆ?...

ಏನು?... ಇನ್ನೊಂದ್ಸಲ ಹೇಳು...

ಟಿನ್ನಾ? ನಮ್ಮನೆ ಕೇಕಿನ ಟಿನ್ನಾ?...

ಬೋರಲು ಹಾಕಿ... ಮೇಲೊಂದು ಕಲ್ಲಿಟ್ಟು...

...

ಇದೀನಿ... ಇದೀನಿ ಕಣೇ.

ಇಲ್ಲ, ಕಾಣ್ಸಲ್ಲ. ಹೋಗಿ ನೋಡಿದ್ರೂ ಕಾಣ್ಸಲ್ಲ ಲೂರ್ದು. ಅದನ್ನ ನಾನೇ... ತುಕ್ಕು ಡಬ್ಬ ಅಂತ... ಈ ಕೈಯಲ್ಲೇ ಕಿತ್ತು ಟ್ರಾಕ್ಟರಿಗೆ ಎಸೆದೆ. ಯಾವುದರ ಮೇಲಿಂದ ಕಿತ್ತೆ ಅಂತ ನೆನಪಿಲ್ಲ. ಏಳೂ ಒಂದೇ ಥರ ಮಾಡಿಟ್ಟಿದೀನಿ...

ಹಲೋ?... ಏನಾದ್ರೂ ಅನ್ನು. ಬಯ್ಯಾದ್ರೂ ಬಯ್ಯಿ...

ನೀನೇ ಬರ್ಬೇಕು ಕಣೇ. ಇನ್ನು ಆ ಜಾಗ ಗೊತ್ತಿರೋಳು ನೀನೊಬ್ಬಳೇ. ನನ್ನ ಜೊತೆ ಮಾತಾಡ್ಬೇಡ, ಮನೆಗೂ ಬರ್ಬೇಡ, ಬಂದು ತೋರಿಸಿ ಹೋಗು. ಕತ್ತಲಾಗೋವರೆಗೂ ಗೇಟಲ್ಲೇ ಕೂತಿರ್ತೀನಿ. ಹನ್ನೊಂದೂವರೆಗೆ ಪಾಳ್ಯದಿಂದ ಒಂದು ಬಸ್ಸು ಐತಲ್ಲ... ಲೂರ್ದು, ಆ ಬಸ್ಸಿಗೆ...

ಹಲೋ... ಲೂರ್ದು?... ಹಲೋ...

ನಂಜುಂಡಯ್ಯ, ಇದು ಲೈನು ಕಟ್ಟಾಗಿದ್ದಾ, ಇಲ್ಲ ಅವಳೇ ಇಟ್ಟು ಹೊರಟಳಾ...