ನಿಕೊಲಾಸಾಳ ಪಿಕಪ್ಪಿನ ಕರಿ ಹೊಗೆ

ಆ ಶುಕ್ರವಾರ ಮೆಕ್ಯಾನಿಕ್ ಮಕಾರಿಯೊ ಹೆಂಡದಂಗಡಿ ಬಿಟ್ಟಾಗ ರಾತ್ರಿ ಹನ್ನೊಂದು ದಾಟಿತ್ತು. ಅವನು ನಮ್ಮ ಪಕ್ಕದ ಮನೆಯವನು, ಸುಳ್ಳು ಕಟ್ಟಿ ನನಗೇನೂ ಆಗಬೇಕಾಗಿಲ್ಲ. ಕೈಯಲ್ಲಿ ಕಸುಬಿತ್ತು, ಒಪ್ಪಿಕೊಳ್ಳೋಣ. ಆದರೆ ಆ ಬಾಯಿ... ನಮ್ಮ ಕ್ಲಿಸಾ ಊರಿನಲ್ಲಿ ಸ್ಪ್ಯಾನರ್ ಹಿಡಿಯುವ ಯೋಗ್ಯತೆ ತನಗೊಬ್ಬನಿಗೇ, ಮಿಕ್ಕವರೆಲ್ಲ ಕತ್ತೆಗಳು!

ದಾರಿಯಲ್ಲಿ ಮುದಿ ಮೊಲ್ಯೆ ಮರ, ಅದರ ಬುಡದಲ್ಲಿ ಬಾವಿ. ನಮ್ಮ ಡ್ರೈವರುಗಳು ಅಲ್ಲಿ ಭೂಮಿತಾಯಿಗೆಂದು ನೆಲಕ್ಕೆ ಒಂದು ಗುಟುಕು ಹೆಂಡ ಚೆಲ್ಲದೆ ಮುಂದೆ ಹೋಗುವುದಿಲ್ಲ. ಮಕಾರಿಯೊ ಉಗಿದು ಹೋಗುತ್ತಿದ್ದ.

ಅವತ್ತು ಅವನಿಗೆ ಖುಷಿಯೋ ಖುಷಿ. ಬೆಳಿಗ್ಗೆ ನಿಕೊಲಾಸಾ ತನ್ನ ಹಳೆಯ ಪಿಕಪ್ ತಂದಿದ್ದಳು. ಅವಳ ಗಂಡ ಗುಮರ್ಸಿಂದೊ ಎರಡು ವರ್ಷದ ಹಿಂದೆ ಇದೇ ಬಾವಿಯ ಬಳಿ ಎದೆ ಹಿಡಿದುಕೊಂಡು ಕುಸಿದು ಸತ್ತ. ಆಗಿನಿಂದ ಅವಳೇ ಸಂತೆಗೆ ಮೂಟೆ, ಜನ ಸಾಗಿಸಿ ಹೊಟ್ಟೆ ಹೊರೆಯುತ್ತಾಳೆ. ಕಾರ್ನಿವಲ್ ಹಬ್ಬದ ಮಂಗಳವಾರದಿಂದ ಗಾಡಿ ಕರ್ರಗೆ ಹೊಗೆ ಕಾರುತ್ತಿತ್ತು. ಜನ ಹತ್ತಲು ಒಲ್ಲೆ ಎನ್ನುತ್ತಿದ್ದರು.

ಮಕಾರಿಯೊ ಎಂಜಿನ್ ಚಾಲೂ ಮಾಡಿ ಸೈಲೆನ್ಸರಿಗೆ ಬಿಳಿ ಬಟ್ಟೆ ಹಿಡಿದ. ಕೂತ ಮಸಿಯನ್ನು ಬೆರಳಲ್ಲಿ ಉಜ್ಜಿದ. ಒಣ ಮಸಿ, ಎಣ್ಣೆಯ ಜಿಡ್ಡಿಲ್ಲ. ಅಂದರೆ ಎಂಜಿನ್ ಎಣ್ಣೆ ಸುಡುತ್ತಿಲ್ಲ. ಬಾನೆಟ್ ಎತ್ತಿದವನಿಗೆ ನಗು ತಡೆಯಲಾಗಲಿಲ್ಲ. ಆ ಮಂಗಳವಾರ ಎಲ್ಲರೂ ಗಾಡಿಯ ಮೇಲೆ ಹೂವು, ಬಣ್ಣದ ಕಾಗದದ ಚೂರು ಎರಚಿ ಪೂಜಿಸುತ್ತಾರೆ. ಈಕೆ ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿ ಒಳಗೂ ಒಂದು ಚೀಲ ಸುರಿದಿದ್ದಳು, ಎಂಜಿನ್ನಿನ ಎದೆಗೂ ಆಶೀರ್ವಾದ ತಾಗಲಿ ಎಂದು! ಎಂಜಿನ್ ಉಸಿರು ಕಟ್ಟಿ ಒದ್ದಾಡುತ್ತಿತ್ತು. ಹತ್ತು ನಿಮಿಷದ ಕೆಲಸ ಅಷ್ಟೆ.

ಅವನು ಬಾನೆಟ್ ಧಡ್ ಎಂದು ಮುಚ್ಚಿದ.

"ಏನಾಗಿದೆ ಮೇಸ್ತ್ರಿ?"

"ಸತ್ತಿದೆ."

"ಅಂದ್ರೆ?"

"ನಿನ್ ಗಂಡ ಸತ್ತ ಹಾಗೇ ಕಣಮ್ಮ. ಪಿಸ್ಟನ್ ರಿಂಗೆಲ್ಲ ಸವೆದು ಎಂಜಿನ್ ಎಣ್ಣೆ ಕುಡೀತಿದೆ. ಪಾಪ ಅಂತ ಗುಜರಿ ಬೆಲೆಗೆ ನಾನೇ ತಗೋತೀನಿ. ನಾಳೆ ಬಂದು ಸಹಿ ಹಾಕು."

ಅವಳು ಗಾಡಿಯ ಮೈ ಒಂದು ಸಲ ಸವರಿ ನಡೆದೇ ಹೋದಳು. ಥೂ, ಇಂಥವನ ಪಕ್ಕದಲ್ಲಿ ನಾವು ಸಂಸಾರ ಮಾಡುವುದು!

ಈಗ ರಾತ್ರಿ... ಬಾವಿಯ ಹತ್ತಿರ ಬಂದ. ಉಗಿಯಲು ಬಾಯಿ ತುಂಬಿಕೊಂಡ. ಆಗ ಕೇಳಿಸಿತು.

ಟಕ್... ಟಕ್... ಗುಡುಗುಡು... ಖೊಕ್.

ಅವನ ಕಿವಿ ಎಂಜಿನ್ ವಿಷಯದಲ್ಲಿ ಮೋಸ ಹೋಗುವಂಥದ್ದಲ್ಲ. ಅದು ನಿಕೊಲಾಸಾಳ ಗಾಡಿ. ಆದರೆ ಅದರ ಬ್ಯಾಟರಿ ವೈರು ಬಿಚ್ಚಿ ಗ್ಯಾರೇಜಿಗೆ ಬೀಗ ಜಡಿದದ್ದು ಅವನೇ. ಕೀ ಜೇಬಿನಲ್ಲೇ ಇತ್ತು... ಮುಟ್ಟಿ ನೋಡಿಕೊಂಡ.

ಮರದ ಕೆಳಗೆ ಕತ್ತಲು. ದೀಪವಿಲ್ಲ, ಗಾಡಿಯೂ ಕಾಣದು. ಸದ್ದು ಮಾತ್ರ. ಆಮೇಲೆ ಕಿವಿಯ ಪಕ್ಕದಲ್ಲೇ ಒಂದು ಪಿಸುಮಾತು.

"ನೀಲಿ ಹೊಗೆ ಬಂದ್ರೆ, ಮೇಸ್ತ್ರಿ?"

ಗುಮರ್ಸಿಂದೊನ ದನಿ.

"ಎ... ಎಣ್ಣೆ ಉರೀತಿದೆ."

"ಬಿಳಿ?"

"ಒಳಗೆ ನೀರು ಸೇರಿದೆ."

"ಕಪ್ಪು?"

ಮಕಾರಿಯೊ ಜೇಬಿನ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಆಗಲೂ ಆ ದರಿದ್ರದವನ ದುರಾಸೆ ಬಿಡಲಿಲ್ಲ ನೋಡಿ.

"ಎಂಜಿನ್... ಸತ್ತಿದೆ."

ಖೊಕ್. ಬಿಸಿ ಹೊಗೆ ಮುಖಕ್ಕೇ ಬಡಿಯಿತು. ಮೂಗಿಗೆ, ಬಾಯಿಗೆ, ಎದೆಯೊಳಕ್ಕೆ ಇಳಿಯಿತು. ಉಸಿರು ನಿಂತಿತು. ಬಾವಿಕಟ್ಟೆ ಹಿಡಿದು ಮಂಡಿಯೂರಿದ.

"ಗಾಳಿ... ಗಾಳಿ ಸಾಲ್ತಿಲ್ಲ..." ಎಂದ, ಗೊರಗೊರ ದನಿಯಲ್ಲಿ. "ಫಿಲ್ಟರ್... ಕಾಗದ ತುಂಬಿದೆ... ಅಷ್ಟೇ..."

ಸದ್ದು ನಿಂತಿತು. ಬಾವಿಯ ರಾಟೆ ಒಂದೇ ಒಂದು ಸಲ ಕಿರ್ರ್... ಎಂದಿತು.

ಅವನು ಸೀದಾ ಓಡಿ ನಿಕೊಲಾಸಾಳ ಬಾಗಿಲು ಬಡಿದ. ಏದುಸಿರಿನಲ್ಲೇ ಎಲ್ಲ ಒದರಿದ. ಅವಳು ದೀಪ ಎತ್ತಿ ಅವನ ಮಸಿ ಹಿಡಿದ ಮೋರೆಯನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ ಗಂಡಂಗೆ ನೀವು ಎಂಥೋರು ಅಂತ ಗೊತ್ತಿತ್ತು ಮೇಸ್ತ್ರಿ. ಅದಕ್ಕೇ ನಿಮ್ಮತ್ರ ಗಾಡಿ ಬಿಡ್ತಿರ್ಲಿಲ್ಲ. ನಡೀರಿ, ಈಗ್ಲೇ ತೆಗೀರಿ. ನಾನು ನಿಂತು ನೋಡ್ತೀನಿ."

ಗ್ಯಾರೇಜಿನ ಬೀಗ ಹಾಗೇ ಇತ್ತು. ಎಂಜಿನ್ ತಣ್ಣಗಿತ್ತು, ವೈರು ಬಿಚ್ಚಿದಂತೆಯೇ ನೇತಾಡುತ್ತಿತ್ತು. ಫಿಲ್ಟರ್ ಕೊಡವಿ ಕೂರಿಸಿದ ಮೇಲೆ ಹೊಗೆಯ ಸುಳಿವೇ ಇಲ್ಲ. ಬೆಳಗಾಗುವಷ್ಟರಲ್ಲಿ ಅವಳು ಮೂಟೆ ಹೇರಿಕೊಂಡು ಸಂತೆಗೆ ಹೊರಟೇಹೋದಳು. ಈಗಲೂ ಅದೇ ಗಾಡಿ ಓಡಿಸುತ್ತಾಳೆ, ಬೇಕಾದರೆ ಹತ್ತಿ ನೋಡಿ.

ನಂಬದಿದ್ದರೆ ಮಕಾರಿಯೊನ ಹೆಂಡತಿ ಇಲಾರಿಯಾಳನ್ನು ಕೇಳಿ. ಅಂದಿನಿಂದ ದಿನಾ ಬೆಳಿಗ್ಗೆ ಅವಳು ಗಂಡನ ದಿಂಬಿನ ಚೀಲ ಒಗೆಯುತ್ತಾಳೆ. ಬಿಳಿ ಬಟ್ಟೆ, ಬಾಯಿ ತಾಗುವ ಕಡೆ ಅಂಗೈಯಗಲ ಕಪ್ಪು. ನಾನೇ ಬೆರಳಲ್ಲಿ ಉಜ್ಜಿ ನೋಡಿದ್ದೇನೆ. ಒಣ ಮಸಿ, ಎಣ್ಣೆಯ ಜಿಡ್ಡಿಲ್ಲ. ಹೋದ ವಾರ ಅದರ ನಡುವೆ ಗುಲಾಬಿ ಬಣ್ಣದ ಒಂದು ಕಾಗದದ ಚೂರೂ ಅಂಟಿತ್ತು.