ಚೀಟಿ ಕಿಟಕಿಯಲ್ಲಿ ಕಂಡ ಮುಂಗೈ

ಹಿರಿಯರೇ, ಡಾಕ್ಟರ ಸಾಹೇಬರೇ, ನರ್ಸಬಾಯಿಯವರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯಿಂದ ಮೊದಲ ಬಸ್ಸು ಹಿಡಿದು ಬಂದ ನನ್ನ ಗೆಳೆಯರೇ — ಮುಂದೆ ಕುಳಿತಿರುವ ದಸ್ತಗೀರಸಾಬರ ಮನೆಯವರಾದ ಬಿಬಿಜಾನ ಭಾಬಿಯವರೇ, ಮಗಳೇ ಮುಮ್ತಾಜ — ನಿಮಗೆಲ್ಲ ನಮಸ್ಕಾರ.

ನಾನು ಪರಸಪ್ಪ. ನಾಲತವಾಡದವನು. ದವಾಖಾನೆಯ ಕಿಟಕಿಯಲ್ಲಿ ಕುಳಿತು ರೋಗಿಗಳ ಚೀಟಿ ಬರೆಯುವವನು. ದೊಡ್ಡ ಮಾತು ನನಗೆ ಬರುವುದಿಲ್ಲ, ಒಂದು ಕಥೆ ಹೇಳುತ್ತೇನೆ. ಇದನ್ನು ಮೊದಲು ಹೇಳಿದವರು ನಮ್ಮ ದಸ್ತಗೀರಸಾಬರೇ. ಎಪ್ಪತ್ನಾಲ್ಕನೆಯ ಇಸವಿ, ದೀಪಾವಳಿ ಮುಗಿದ ವಾರ, ಬಾಗೇವಾಡಿಯಲ್ಲಿ ನಮಗೆ ತರಬೇತಿ ನಡೆದಾಗ, ಎರಡನೆಯ ದಿನದ ಸಂಜೆ. ಕೇಳಿದವರು ನಾವು ಹನ್ನೊಂದು ಮಂದಿ. "ನಾ ಇರೂತನಕಾ ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಮಾತು ತೆಗೆದುಕೊಂಡಿದ್ದರು. ನಾಲ್ಕು ವರ್ಷ ನಡೆಸಿದೆವು. ಹೋದ ಸೋಮವಾರ — ಆ ಮಾತಿನ ಗಡುವು ಮುಗಿಯಿತು.

ಆ ವರ್ಷದ ಮೊದಲಿಗೆ ಹೊಸ ಕೆಲಸ ಬಂದಿತ್ತು. ಕ್ಷಯ ಇದ್ದವರ ಹೆಸರು, ಊರು ಬರೆದಿಡಬೇಕು. ಗುಳಿಗೆಗೆ ಬಾರದೆ ಹೋದವರನ್ನು ಆ ವಿಳಾಸದ ಮೇಲೆ ಹುಡುಕಬೇಕು. ಬರೆಯುವವರು ನಾವು, ಕಲಿಸುವವರು ನಮ್ಮ ಹಾಗೇ ಚೀಟಿ ಬರೆಯುತ್ತಿದ್ದ ದಸ್ತಗೀರಸಾಬರು. ನಮಗೋ ನಗೆ. ಇಂಡಿಯ ಯಂಕಪ್ಪ ಇಲ್ಲೇ ಕುಳಿತಿದ್ದಾರೆ, ಅವರನ್ನೇ ಕೇಳಿ. ಹೆಸರು ಬರೆಯುವುದಕ್ಕೂ ತರಬೇತಿಯೇ, ನಾಳೆ ತೂಕಡಿಸುವುದಕ್ಕೂ ಕೊಡುತ್ತಾರೇನು ಎಂದು ಎಲ್ಲರನ್ನೂ ನಗಿಸಿದವರು ಅವರು.

ಸಾಬರು ಏನು ಮಾಡಿದರು? ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಒಬ್ಬನನ್ನು ಕಿಟಕಿಯಲ್ಲಿ ಕೂರಿಸಿದರು. ಅವನು ಕೇಳಿದ ಪ್ರಶ್ನೆ ಸಾಲಿನ ಎರಡನೆಯವನ ಕಿವಿಗೆ ಬಿದ್ದರೆ ಕೇಳಿದವನೇ ನಪಾಸು. ಎಲ್ಲರೂ ನಪಾಸಾದೆವು. ಯಂಕಪ್ಪನವರಿಗೆ ಸಿಟ್ಟು ಬಂತು. "ಹಿಂಗ ಕಿವ್ಯಾಗ ಕೇಳಕೋತ ಕುಂತ್ರ ನೂರೈವತ್ತ ಮಂದಿ ಯಾವಾಗ ಮುಗೀಬೇಕ್ರಿ ಸಾಬ್ರ?"

ಸಾಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೇಳಿದರು.

ಈ ನಾಲ್ಕು ತಾಲೂಕಿನಲ್ಲೇ ಒಂದು ದವಾಖಾನೆ. ಯಾವುದು ಎಂದು ಅವರು ಹೇಳಲಿಲ್ಲ. ಆ ತರಬೇತಿಗೂ ಮೂರು ವರ್ಷದ ಹಿಂದೆ, ಸಂತೆಯ ದಿನ. ಕಿಟಕಿಯಾಚೆ ಜಾತ್ರೆಯಷ್ಟು ಮಂದಿ. ಒಬ್ಬ ಹೆಣ್ಣುಮಗಳು ಕೆಮ್ಮುತ್ತ ಬಂದಳು, ಬಗಲಲ್ಲಿ ಅಳುವ ಕೂಸು. ಸಾಬರು ತಲೆ ಎತ್ತಲಿಲ್ಲ. ಎಂದಿನಂತೆ ದೊಡ್ಡ ದನಿಯಲ್ಲಿ ಕೇಳಿದರು: "ಕೆಮ್ಮ ಎಷ್ಟ ದಿನದ್ದು? ರಕ್ತ ಬೀಳತೈತೇನು? ಯಾವೂರು? ಯಾರ ಮನಿ?"

ಹಿಂದೆ ಸಾಲಿನಲ್ಲಿ ಅವಳ ಗಂಡನ ಊರಿನವರು ನಿಂತಿದ್ದರು. ಅದು ಆಗ ಸಾಬರಿಗೆ ಗೊತ್ತಿಲ್ಲ. ಅವಳಿಗೆ ಗೊತ್ತು. ಅವಳು ಒಂದು ಹೆಸರು ಹೇಳಿದಳು, ಒಂದು ಊರು ಹೇಳಿದಳು. ಇವರು ಬರೆದರು. ಕಫ ಕೊಟ್ಟು ಹೋದಳು.

ಮೂರನೆಯ ದಿನ ಕಫದ ತಪಾಸಣೆಯ ಕಾಗದ ಬಂತು. ಕ್ಷಯ, ಅದೂ ಬಲಿತದ್ದು. ಅವಳು ಬರಲಿಲ್ಲ. ಪೋಸ್ಟಕಾರ್ಡು ಹಾಕಿದರು. ಅಂಥವರು ಈ ಊರಲ್ಲಿಲ್ಲ ಎಂದು ಬರೆಸಿಕೊಂಡು ತಿರುಗಿ ಬಂತು. ಹೆಸರೂ ಸುಳ್ಳು, ಊರೂ ಸುಳ್ಳು. ಅವಳ ಮುಖವನ್ನಾದರೂ ಸಾಬರು ನೋಡಿದ್ದರೇ? ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಚೀಟಿಗೆ ಚಾಚಿದ ಮುಂಗೈ ಒಂದನ್ನು ನೋಡಿದ್ದರು. ಆ ಮುಂಗೈಯ ಮೇಲೊಂದು ಹಚ್ಚೆ.

"ಔಷಧಿ ಕೊಟ್ರ ಬದುಕೂ ಜೀವ" ಎಂದರು ನಮಗೆ. "ನನ್ನ ದನಿಗೆ ಹೆದರಿ ಓಡಿ ಹೋಗಿತ್ತು."

ಸಾಬರು ವಾರಕ್ಕೊಂದು ದಿನ ರಜೆ ಹಾಕಿ ಸುತ್ತಲಿನ ಸಂತೆಗಳಿಗೆ ನಡೆದರು. ದೂರದವರಾಗಲಿ, ಹತ್ತಿರದವರಾಗಲಿ, ಯಾವುದಾದರೂ ಒಂದು ಸಂತೆಗೆ ಬರಲೇಬೇಕಲ್ಲ? ಒಂದು ವಾರ, ಎರಡು ವಾರ — ಒಂಬತ್ತು ವಾರ. ಸ್ವಲ್ಪ ಯೋಚಿಸಿ ನೋಡಿ. ಸಂತೆಯಲ್ಲಿ ಹೆಣ್ಣುಮಕ್ಕಳ ಮುಂಗೈ ನೋಡುತ್ತ ತಿರುಗುವ ಒಬ್ಬ ಗಂಡಸು.

ಒಂಬತ್ತನೆಯ ಸಂತೆಯಲ್ಲಿ ಬೆಳ್ಳುಳ್ಳಿ ಆರಿಸುತ್ತಿದ್ದ ಆ ಕೈ ಕಂಡಿತು. ನಿಂತರು. ಅದೇ ಹಚ್ಚೆ ಹೌದೋ ಅಲ್ಲವೋ ಎಂದು ಬಗ್ಗಿದರು. ಅಷ್ಟರಲ್ಲಿ ಯಾರೋ ಕೊರಳಪಟ್ಟಿ ಹಿಡಿದರು. ನಾಲ್ಕು ಮಂದಿ, ಹತ್ತು ಮಂದಿ. "ಏನ್ ನೋಡಾಕತ್ತೀಯೋ? ಹೋದ ವಾರನೂ ಇವನ ತಿರಗ್ಯಾಡತಿದ್ದ."

ಈಗ ಕೇಳಿ. ಒಂದು ಮಾತು ಹೇಳಿದ್ದರೆ ಸಾಬರು ಉಳಿಯುತ್ತಿದ್ದರು. ನಾನು ದವಾಖಾನೆಯವನು, ಈಕೆಗೆ ಕ್ಷಯ ಇದೆ — ಇಷ್ಟೇ. ಹೇಳಿದ್ದರೆ ಅವಳು ಆ ಊರಲ್ಲಿ ಬಾವಿಗೆ ಹೋಗುವಂತಿರಲಿಲ್ಲ. ಸಂಜೆಯೊಳಗೆ ತವರಿಗೆ ಅಟ್ಟುತ್ತಿದ್ದರು. ಸಾಬರು ಬಾಯಿ ಬಿಡಲಿಲ್ಲ. ತಕ್ಕಡಿಯ ಕಲ್ಲೊಂದು ಬಂದು ಹುಬ್ಬಿಗೆ ಬಡಿಯಿತು. ಆಗಲೂ ಬಾಯಿ ಬಿಡಲಿಲ್ಲ.

ಭಾಬಿಯವರೇ — ಆ ಹುಬ್ಬಿನ ಗಾಯ, ಸೈಕಲ್ಲಿನಿಂದ ಬಿದ್ದದ್ದು ಎಂದು ನಿಮಗೂ ಹೇಳಿದ್ದರು. ಸೈಕಲ್ಲಲ್ಲ.

ಎರಡನೆಯ ಕಲ್ಲು ಎತ್ತಿದಾಗ ಅವಳ ಪಕ್ಕದಲ್ಲಿದ್ದ ಮುದುಕಿ ಎದ್ದಳು. ಅತ್ತೆ. ಸಾಬರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮಂದಿಯ ಕಡೆ ತಿರುಗಿದಳು.

"ಬಿಡ್ರೋ ಅವನ್ನ. ಬಳಿಗಾರಪ್ಪ ಅವ. ಸೊಸಿಗೆ ಬಳಿ ತಾರೋ ಅಂತ ನಾನ ಹೇಳಿದ್ದೆ, ಅಳತಿ ನೋಡಾಕತ್ತಾನ. ಅಳತಿ ನೋಡಬೇಕಂದ್ರ ಮುಂಗೈ ನೋಡಬೇಕೋ ಏನ ನಿಮ್ಮ ಮಾರಿ ನೋಡಬೇಕೋ?"

ಮಂದಿ ನಕ್ಕು ಚದುರಿದರು. ಮುದುಕಿ ಸಾಬರನ್ನು ಪಕ್ಕಕ್ಕೆ ಕೂರಿಸಿಕೊಂಡು, ಸೆರಗಿನಿಂದ ಹುಬ್ಬಿನ ರಕ್ತ ಒತ್ತುತ್ತ, ತುಟಿ ಅಲುಗದ ಹಾಗೆ ಕೇಳಿದಳು: "ದವಾಖಾನ್ಯಾಗಿಂದ ಬಂದೀಯಪಾ? ಎಷ್ಟ ದಿನ ತಗೋಬೇಕು ಔಷಧಿ?"

ಸಾಬರು, ನಿಮಗೆ ಗೊತ್ತಿತ್ತೇ ಎಂದರು.

"ಒಂದ ಗ್ವಾಡಿ ಆಚಿ ಮಲಗತೇನಿ. ಕೆಮ್ಮು ನನಗ ಕೇಳೂದಿಲ್ಲೇನು? ಆಕಿ ಸೆರಗಿನ್ಯಾಗ ದವಾಖಾನಿ ಚೀಟಿ ಕಂಡಿದ್ದೆ, ಕಲ್ಲ ಬಿದ್ರೂ ನೀ ಬಾಯಿ ಬಿಡಲಿಲ್ಲ, ಆಗ ತಿಳೀತು. ಆಕಿ ನನಗ ತಿಳೀಬಾರದಂತ ಮುಚ್ಚಿದಳು, ನಾ ಊರಿಗೆ ತಿಳೀಬಾರದಂತ ಮುಚ್ಚಿದೆ."

ಒಂದೂವರೆ ವರ್ಷ ದಸ್ತಗೀರಸಾಬರು ವಾರವಾರ ಆ ಸಂತೆಗೆ ಬಳೆಗಾರರಾಗಿ ಹೋದರು. ಹಸಿರು ಬಳೆಯ ಹೊರೆಯಲ್ಲಿ ಗುಳಿಗೆಯ ಪುಡಿಕೆ. ಅವಳು ಗುಣವಾದಳು. ಆದರೆ ಆ ದಿನ ಸಂತೆಯಲ್ಲಿ ಅವಳ ಬಗಲು ಬರಿದಾಗಿತ್ತು. ಇದನ್ನು ಹೇಳುವಾಗ ಸಾಬರು ನಮ್ಮನ್ನು ನೋಡಲಿಲ್ಲ, ಟೋಪಿಯನ್ನು ನೋಡುತ್ತಿದ್ದರು. "ಕೂಸ ಎಲ್ಲಿ ಅಂತ ಕೇಳಾಕ ನನಗ ಧೈರ್ಯ ಆಗಲಿಲ್ಲ. ಒಂಬತ್ತ ವಾರ ಮೊದಲ ಮೆಲ್ಲಕ ಕೇಳಿದ್ದರ —"

ಅಷ್ಟಕ್ಕೇ ನಿಲ್ಲಿಸಿದರು. ನಮ್ಮ ನೋಂದಣಿ ಪುಸ್ತಕದಲ್ಲಿ ವಿಳಾಸದ ಪಕ್ಕ 'ಯಾವ ಸಂತೆ' ಎಂಬ ಅಂಕಣ ಇದೆಯಲ್ಲ, ಅದು ಎಲ್ಲಿಂದ ಬಂತು ಎಂದು ಈಗ ನಿಮಗೆ ತಿಳಿಯಿತು.

 ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವರು ಯಂಕಪ್ಪ. ಮೇಜನ್ನು ಕಿಟಕಿಯಿಂದ ಎಳೆದು ಒಳಗೆ ಮೂಲೆಗೆ ಹಾಕಿದರು, ಪಕ್ಕದಲ್ಲಿ ಒಂದು ಸ್ಟೂಲು ಇಟ್ಟರು — ಬಂದವರು ಎದುರಿಗಲ್ಲ, ಪಕ್ಕದಲ್ಲಿ ಕೂರಲಿ ಎಂದು. ನಾನು ಡಾಕ್ಟರ ಸಾಹೇಬರಿಂದ ಅಪ್ಪಣೆ ಪಡೆದು ಮೊದಲ ಬಸ್ಸಿಗೆ ನನ್ನ ದವಾಖಾನೆಗೆ ಓಡಿದೆ. ನನ್ನ ಮೇಜಿನ ಖಾನೆಯಲ್ಲಿ ತಿರುಗಿ ಬಂದ ಪೋಸ್ಟಕಾರ್ಡುಗಳ ಒಂದು ಕಟ್ಟು ಇತ್ತು. ಹದಿನೇಳು. ಸುಳ್ಳು ಹೇಳಿದವರು, ನಮ್ಮದೇನು ತಪ್ಪು ಎಂದು ದಾರ ಸುತ್ತಿ ಒಗೆದಿದ್ದೆ. ಆ ದಾರ ಬಿಚ್ಚಿದೆ. ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಆವತ್ತಿನ ಸಂತೆಗೆ ನಡೆದೆ.

ಈಗ ಎಲ್ಲರೂ ಎದ್ದು ನಿಲ್ಲೋಣ. ಎರಡು ನಿಮಿಷ ಮೌನ. ಆ ತಂಗಿಯ ಹೆಸರು ದಸ್ತಗೀರಸಾಬರು ನಮಗೆ ಹೇಳಲಿಲ್ಲ, ಹಚ್ಚೆ ಯಾವುದೆಂದೂ ಹೇಳಲಿಲ್ಲ. ಆಕೆ ಈ ಹೊತ್ತು ಇಲ್ಲೇ ನಮ್ಮ ನಡುವೆ ನಿಂತಿದ್ದರೂ ಇರಬಹುದು. ಯಾರೂ ತಿರುಗಿ ನೋಡಬೇಡಿ. ಪಕ್ಕದವರ ಮುಂಗೈ ನೋಡಬೇಡಿ.

ತಲೆ ಬಾಗಿಸಿ ನಿಲ್ಲಿ.