ಪರಾತದ ನೀರು

ಇದು ನನ್ನ ಚಿಕ್ಕಪ್ಪನ ಮಗ, ಶಾಲೆಯ ಮಾಸ್ತರ ಮಾರ್ತಾಂಡನಿಗೆ ಆದದ್ದು. ಅವನೇ ಹೇಳಿದ್ದು... ಒಂದೇ ಸಲ, ಕಂದೀಲು ಸಣ್ಣದು ಮಾಡಿ.

ರಾಜ್ಯ ಒಂದಾದ ದಿನ. ೧೯೫೬, ನವೆಂಬರ್ ಒಂದು. ಗದಗದಲ್ಲಿ ಮೆರವಣಿಗೆ, ಭಾಷಣ, ಪೇಢೆ. ಅವನಿಗೆ ಕೊನೆಯ ಬಸ್ಸು ತಪ್ಪಿತು. ಲಕ್ಕುಂಡಿಗೆ ಏಳು ಮೈಲು ನಡೆದೇ ಹೊರಟ. ಮರುದಿನ ಅಮಾವಾಸ್ಯೆ. ಊರ ಹೊರಗಿನ ಮೆಟ್ಟಿಲುಬಾವಿಯ ಹತ್ತಿರ ಬಂದಾಗ ಹನ್ನೊಂದು ದಾಟಿತ್ತು.

ಅವಸರವಿತ್ತು. ಮನೆಯಲ್ಲಿ ಯಮುನಾಬಾಯಿ ಮೌಶಿ ಒಬ್ಬಳೇ. ಅವನ ತಾಯಿಯ ತಂಗಿ, ಅವನನ್ನು ಸಾಕಿದವಳು. ಒಣಗಾಳಿ ಬಿಟ್ಟರೆ ಅವಳ ಎದೆ ಕಟ್ಟುತ್ತಿತ್ತು. ಕೋಣೆಯ ಗಾಳಿ ತೇವವಿರಲಿ ಎಂದು ಡಾಕ್ಟರು ಹೇಳಿದ್ದರು. ಮಾರ್ತಾಂಡ ಮಂಚದ ಪಕ್ಕ ಹಗ್ಗ ಕಟ್ಟಿ ಒದ್ದೆ ಪಂಜೆ ಇಳಿಬಿಟ್ಟ. ತುದಿ ಕೆಳಗಿಟ್ಟ ಪರಾತದ, ಹಿತ್ತಾಳೆಯ ಅಗಲ ಹರಿವಾಣದ, ನೀರಿನಲ್ಲಿ. ಗುಣ ಕಂಡಿತು. ಕಾಟವೂ ಇತ್ತು. ಎಂಟು ತಾಸಿಗೆ ಪರಾತ ಖಾಲಿ. ಹಿತ್ತಿಲ ಬಾವಿಯ ಸವುಳು ನೀರು ಹಾಕಿದರೆ ಪಂಜೆಗೆ ಬಿಳಿ ಪೊರೆ ಕಟ್ಟಿ ನೀರು ಮೇಲೇರುತ್ತಿರಲಿಲ್ಲ. ಪಂಜೆಯನ್ನು ಎರಡು ದಿನ ಕುದಿಸದಿದ್ದರೆ ಮುಗ್ಗು ವಾಸನೆ.

ಅಂದು ಬೆಳಿಗ್ಗೆ ಪಕ್ಕದ ಮನೆಯ ರೇಣುಕವ್ವ ತಾನಾಗಿ ಕೇಳಿದ್ದಳು.

“ನೀವು ಗದಗಕ್ಕ ಹೋಗಿ ಬರ್ರಿ ಮಾಸ್ತರ್ರ. ಸಂಜಿಗೆ ನಾ ನೀರು ಹಾಕ್ತೀನಿ.”

“ಬ್ಯಾಡ್ರಿ. ಮೌಶಿದು ಮಡಿ ಅದ. ದೀಪ ಹಚ್ಚೂದ್ರಾಗ ನಾನ ಬರ್ತೀನಿ.”

ಮೌಶಿಯನ್ನು ಅವನು ಕೇಳಿರಲೇ ಇಲ್ಲ.

ಈಗ ಮೆಟ್ಟಿಲುಬಾವಿಯೊಳಗಿಂದ ಸದ್ದು... ಕೊಡದ ತಳ ಕಲ್ಲಿಗೆ ಉಜ್ಜಿದ್ದು, ಕರ್ರ್. ಕೊಡದ ಬಾಯಿ ಮುಳುಗಿದ್ದು, ಗುಳು ಗುಳು. ಆಮೇಲೆ ಮೆಟ್ಟಿಲ ಮೇಲೆ ಒದ್ದೆ ಪಾದ. ಚಪ್... ಚಪ್... ಯಾರೂ ಕಾಣಲಿಲ್ಲ.

“ಪರಾತ ಒಣಗೇತ್ರಿ.” ಹೆಣ್ಣಿನ ಪಿಸುದನಿ. “ನಾ ಒಯ್ದು ಹಾಕಲೇನು?”

ಅವನ ಬಾಯಿಗೆ ಬೆಳಗಿನ ಮಾತೇ ಬಂತು. “ಬ್ಯಾಡ... ಮಡಿ ಅದ.”

“ಹೌದೇನ್ರಿ...”

ಅಷ್ಟೇ. ಅವನು ಓಡಿದ.

ಬಾಗಿಲಿಗೆ ಒಳಗಿಂದ ಅಗಳಿ. ಬಡಿದ. ಮೌಶಿಯೇ ಎದ್ದು ಬಂದು ತೆಗೆದಳು. ಉಸಿರಿನಲ್ಲಿ ಸುಂಯ್ ಸದ್ದಿಲ್ಲ. ಕೋಣೆಯಲ್ಲಿ ಪಂಜೆ ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

“ಯಾರು ನೀರು ಹಾಕಿದ್ರು ಮೌಶಿ?”

“ನೀನ ಕಳಿಸಿದ್ದಿ ಅಲ್ಲೇನೋ? ಉಸಿರು ಸಿಗದ ಒದ್ದಾಡ್ಲಿಕತ್ತಿದ್ದೆ. ಕತ್ತಲಾಗ ಒಬ್ಬಾಕಿ ನಿಂತು, ಮುಟ್ಟಲೇನ್ರಿ ಅಂದ್ಲು. ಹಾಕವ್ವಾ ತಾಯಿ, ಸಾಯೂಮುಂದ ಎಂಥಾ ಮಡಿ, ಅಂದೆ.”

ಅವನು ರೇಣುಕವ್ವನ ಬಾಗಿಲಿಗೆ ಹೋದ. ಅವಳು ಎಚ್ಚರವಿದ್ದಳು.

“ನಾ ಅಲ್ಲರಿ. ಅವ್ವಾರ ಕೆಮ್ಮು ಗ್ವಾಡಿ ಆಚೆ ಕೇಳತಿತ್ತು. ಎರಡ ಸಲ ನಿಮ್ಮ ಬಾಗಲತನಾ ಬಂದು ಹೊಳ್ಳಿ ಹೋದೆ. ನೀವ ಬ್ಯಾಡಂದಿದ್ರೆಲ್ಲ...”

ತಪ್ಪಾತು ಎನ್ನದೆ ಮಾರ್ತಾಂಡ ಮನೆಗೆ ತಿರುಗಿದ. ನನಗೆ ಇದನ್ನು ಹೇಳುವಾಗಲೂ ಈ ಮಾತಿಗೆ ಬಂದು ತಲೆ ತಗ್ಗಿಸಿದ. ಬಾವಿಯ ಭಯ ಬೆಳಗಾಗುವಷ್ಟರಲ್ಲಿ ಹೋಯಿತಂತೆ. ಈ ನಾಚಿಕೆ ಹೋಗಲಿಲ್ಲ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮೂರನೆಯ ದಿನ ನಾನೇ ಲಕ್ಕುಂಡಿಗೆ ಹೋಗಿದ್ದೆ. ಪಂಜೆಗೆ ಬೇರೆ ಪಾತ್ರೆ ಇಟ್ಟು, ಆ ನೀರನ್ನು ಅವನು ಚೆಲ್ಲದೆ ಪರಾತದಲ್ಲೇ ಉಳಿಸಿದ್ದ. ಬಗ್ಗಿ ನೋಡಿದೆ... ಪರಾತದಲ್ಲಿ ಉಗುರುದ್ದದ ಒಂದು ಮೀನು ಈಜುತ್ತಿತ್ತು.